ಬೆಳಕಿಗೆ ಬೆನ್ನು ಹಾಕುವ ಮೊಳಕೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವನು; ವಿಜ್ಞಾನದವನಲ್ಲ. ಆದರೂ ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಕನ್ನಡ ಪ್ರಬಂಧದಲ್ಲಿ, ಎಲ್ಲ ಮೊಳಕೆಗಳೂ ಬೆಳಕಿನ ಕಡೆಗೆ ಬಾಗುವುದಿಲ್ಲ, ಮಾವಿನ ಮರದ ಬಂದಳಿಕೆ ತೊಗಟೆಯ ಕಡೆಗೆ ಬಾಗುತ್ತದೆ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅಂಕ ಕಡಿಮೆ ಮಾಡಿದೆ. "ಸರ್, ನಮ್ಮ ತೋಟಕ್ಕೆ ಬನ್ನಿ, ತೋರಿಸ್ತೀನಿ" ಎಂದಳು. ಭಾನುವಾರ ಹೋದೆ.

ಬಂದಳಿಕೆಯ ಬೀಜಕ್ಕೆ ಅಂಟು ಇರುತ್ತದೆ. ಹಣ್ಣು ತಿಂದ ಹಕ್ಕಿ ಅದನ್ನು ಕೊಂಬೆಗೆ ಒರೆಸಿ ಹಾರಿಹೋಗುತ್ತದೆ. ಕೊಂಬೆಯ ಮೇಲೆ ಅಂಟಿದ ಬೀಜದ ಮೊಳಕೆ ಕೆಳಕ್ಕೆ ಬಾಗಿತ್ತು, ಅಡಿಯಲ್ಲಿ ಅಂಟಿದ್ದು ಮೇಲಕ್ಕೆ. ಎರಡೂ ತೊಗಟೆಯನ್ನೇ ಹುಡುಕಿದ್ದವು.

ಆಮೇಲೆ ಓದಿದೆ. ನಮ್ಮ ಬಂದಳಿಕೆಗೆ ಯುರೋಪಿನಲ್ಲಿ ಮಿಸಲ್‌ಟೋ ಎಂಬ ದೂರದ ನೆಂಟ ಇದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನಿ ಡ್ಯೂಟ್ರೊಷೆ ಅದರ ಬೀಜಗಳನ್ನು ಕಬ್ಬಿಣದ ಗುಂಡಿನ ಸುತ್ತ ಅಂಟಿಸಿ ನೋಡಿದರು. ಎಲ್ಲ ಮೊಳಕೆಗಳೂ ಗುಂಡಿನ ನಡುವಿನ ಕಡೆಗೇ ಮುಖ ಮಾಡಿದವು. ಕಬ್ಬಿಣದಲ್ಲಿ ಯಾವ ರಸವಿದೆ? ಕಿಟಕಿಯ ಗಾಜಿನ ಒಳಗೂ ಹೊರಗೂ ಅಂಟಿಸಿದರು. ಎಲ್ಲವೂ ಕೋಣೆಯ ಒಳಗಡೆಗೇ ತಿರುಗಿದವು; ಒಳಬದಿಯವು ತಾವು ಅಂಟಿದ್ದ ಗಾಜನ್ನೇ ಬಿಟ್ಟು ದೂರ ಚಾಚಿದವು. ಅಂದರೆ ಅವುಗಳನ್ನು ಕರೆಯುತ್ತಿದ್ದುದು ಮರವಲ್ಲ. ಅವು ಬೆಳಕಿನಿಂದ ದೂರ ಸರಿಯುತ್ತಿದ್ದವು. ಕೊಂಬೆಯ ಮೇಲೆ ಕತ್ತಲ ಬದಿ ಎಂದರೆ ತೊಗಟೆಯೇ ತಾನೆ! ಸೋಜಿಗವೆಂದರೆ, ಇದರ ಬೀಜ ಮೊಳೆಯಲು ಬೆಳಕು ಬೇಕೇ ಬೇಕು. ತೊಗಟೆಯೊಳಗೆ ಇಳಿದು ಎಲೆ ಬಿಟ್ಟ ಮೇಲೂ ಬೆಳಕು ಬೇಕು. ನಡುವಿನ ಅವಧಿಯಲ್ಲಿ ಮಾತ್ರ ಬೆನ್ನು.

ಉರ್ದುವಿನ ಆಕಾಸ್ ಬೇಲ್, ಕನ್ನಡದ ಆಕಾಶಬಳ್ಳಿ, ಇದರ ರೀತಿ ಬೇರೆ. ಯುನಾನಿ ಹಕೀಮರ ಅಫ್ತೀಮೂನ್ ಇದೇ ಜಾತಿಯದು. ಮೊಳಕೆಗೆ ಎಲೆಯಿಲ್ಲ; ಕೆಲವೇ ದಿನಗಳಲ್ಲಿ ಆಸರೆ ಸಿಗದಿದ್ದರೆ ಸಾಯುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿನಾಚೆಯ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕನ್ನು ಹೊರಬಿಡುತ್ತದೆ. ಆ ಬೆಳಕು ಹೆಚ್ಚಿರುವ ಕಡೆ ಈ ಮೊಳಕೆ ಬಾಗುತ್ತದೆ. ಬೆಳಕೊಂದೇ ಅಲ್ಲ, ಟೊಮೆಟೊ ಗಿಡದ ವಾಸನೆಯನ್ನೂ ಅದು ಹಿಡಿಯುತ್ತದೆಂದು 2006ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ಸೋಮವಾರ ಆ ಹುಡುಗಿಯ ಪುಸ್ತಕ ಕೇಳಿ ಪಡೆದೆ. ಗೆರೆಯ ಪಕ್ಕದಲ್ಲಿ 'ಸರಿ' ಎಂದು ಬರೆದು ಸಹಿ ಹಾಕಿದೆ. ಅಂಕಪಟ್ಟಿ ಆಗಲೇ ಕಚೇರಿಗೆ ಹೋಗಿಬಿಟ್ಟಿತ್ತು.