ಅಭ್ಯಾಸ ಪರೀಕ್ಷೆಯ ಅಂಕ ಯಾಕೆ ಏರುತ್ತಿಲ್ಲ?

ಈ ಸಲದ ಮಾತು ಜಿ.ಆರ್.ಇ. ಬರೆಯಲು ಹೊರಟಿರುವ ಮಕ್ಕಳಿಗೆ, ಮತ್ತು ಅವರ ಜೊತೆ ತಾವೂ ನಿದ್ದೆಗೆಟ್ಟಿರುವ ಮನೆಯವರಿಗೆ. ಪ್ರಸಾರವಾದ ಮೇಲೆ ಹಲವರು ಫೋನ್ ಮಾಡಿ ಬರಹದಲ್ಲಿ ಕೊಡಿ ಎಂದು ಕೇಳಿದ್ದರಿಂದ ಇಲ್ಲಿ ಅಚ್ಚು ಹಾಕಿದ್ದೇವೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕನ್ನಡ ಬಿ.ಎ. ಓದಿದವಳು. ಗಣಿತದ ಸಂಗ ಬಿಟ್ಟು ಇಪ್ಪತ್ತು ವರ್ಷವಾಯಿತು. ಹಾಗಿದ್ದೂ ಈ ವಿಷಯಕ್ಕೆ ಕೈಹಾಕಲು ಕಾರಣ ಕೂಕಟ್‌ಪಲ್ಲಿಯಲ್ಲಿರುವ ನನ್ನ ಕಾಕಾನ ಮಗಳು. ಬೀದರಿನ ಹುಡುಗಿ. ನಮ್ಮ ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಲ್ಲವೆ? ಇಂಜಿನಿಯರಿಂಗ್ ಮುಗಿಸಿ, ಕೆ.ಪಿ.ಎಚ್.ಬಿ. ಕಾಲೊನಿಯ ಒಂದು ಲೇಡೀಸ್ ಹಾಸ್ಟೆಲ್‌ನಲ್ಲಿ ಮೂವರ ಕೋಣೆಯಲ್ಲಿ ಒಂದು ಮಂಚ ಹಿಡಿದು ತಯಾರಿಗೆ ಕೂತಿದ್ದಳು. ಪರೀಕ್ಷೆಯ ಫೀಸೇ ಇಪ್ಪತ್ತು ಸಾವಿರ ದಾಟಿದೆ. ಅದಕ್ಕೂ ಹಾಸ್ಟೆಲ್ಲಿಗೂ ಸೇರಿಸಿ ಕಾಕಿ ಕೈಬಳೆ ಅಡ ಇಟ್ಟಿದ್ದರು.

ಪರೀಕ್ಷೆಗೆ ಐದು ವಾರ ಇರುವಾಗ ಒಂದು ರಾತ್ರಿ ಫೋನ್ ಬಂತು. "ಅಕ್ಕಾ, ಹನ್ನೊಂದು ಟೆಸ್ಟ್ ಬರ್ದೀನಿ. ಅಂಕ ಮುನ್ನೂರರ ಮೇಲೆ ಏರವಲ್ದು. ತಾರೀಖು ಮುಂದಕ್ಕ ಹಾಕಿಬಿಡ್ಲೇನು?"

"ತಪ್ಪಾದವು ಕುಂತು ನೋಡಿದ್ಯೇನು?" ಎಂದೆ.

"ನೋಡೀನಲ್ಲ. ಉತ್ತರ ಓದಿದ್ರ ಎಲ್ಲಾ ತಿಳೀತದ."

ಆ ಮಾತು ಕೇಳಿದೊಡನೆ ನನ್ನ ಆಕಾಶವಾಣಿ ಅಲ್ಲದ ಈ ಪುಟ್ಟ ಸ್ಟುಡಿಯೋದ ಮೊದಲ ವರ್ಷ ನೆನಪಾಯಿತು. ದಿನಕ್ಕೆ ಮೂರು ಸಲ ಸುದ್ದಿ ಓದಿದರೂ ನನ್ನ ಅಲ್ಪಪ್ರಾಣ ಮಹಾಪ್ರಾಣ ಸುಧಾರಿಸುತ್ತಿರಲಿಲ್ಲ. ಹಿರಿಯರೊಬ್ಬರು ಒಂದು ವಾರ ನನಗೆ ಓದುವ ಕೆಲಸವನ್ನೇ ಕೊಡದೆ, ನನ್ನದೇ ಧ್ವನಿಮುದ್ರಣ ಕೇಳಿಸಿ, ಎಡವಿದ ಜಾಗವನ್ನೆಲ್ಲ ಬರೆಸಿದರು. ಅಷ್ಟು ನಾಚಿಕೆಯ ವಾರ ಇನ್ನೊಂದಿಲ್ಲ. ಅಷ್ಟು ಕಲಿತ ವಾರವೂ ಇನ್ನೊಂದಿಲ್ಲ.

ಮುಂದಿನ ಭಾನುವಾರ ಕೂಕಟ್‌ಪಲ್ಲಿಗೆ ಹೋದೆ. ಅವಳ ಕೊನೆಯ ಎರಡು ಟೆಸ್ಟ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಕೂತೆವು. ಒಂದೊಂದರಲ್ಲಿ ಗಣಿತದ ಇಪ್ಪತ್ತೇಳು, ಇಂಗ್ಲಿಷಿನ ಇಪ್ಪತ್ತೇಳು, ಒಟ್ಟು ಐವತ್ತನಾಲ್ಕು ಪ್ರಶ್ನೆ. ಎರಡೂ ಸೇರಿ 51 ತಪ್ಪಾಗಿದ್ದವು. ಒಂದೊಂದನ್ನೂ ಎತ್ತಿ, "ಇದು ಯಾಕ ತಪ್ಪಾತು?" ಎಂದು ಕೇಳುತ್ತಾ ಹೋದೆ. ಗಣಿತ ಬಾರದವಳು ಕೇಳಿದ್ದೇ ಒಳ್ಳೆಯದಾಯಿತು, ಅವಳೇ ಬಿಡಿಸಿ ಹೇಳಬೇಕಾಯಿತು.

ಪದವೋ ಸೂತ್ರವೋ ನಿಜಕ್ಕೂ ಗೊತ್ತಿಲ್ಲದೆ ತಪ್ಪಿದ್ದು 17. ಪ್ರಶ್ನೆಯನ್ನೇ ಸರಿಯಾಗಿ ಓದದೆ ತಪ್ಪಿದ್ದು 15. ಎರಡು ಉತ್ತರದ ನಡುವೆ ತೂಗಾಡಿ ತಪ್ಪಿದ್ದು 8. ಉಳಿದ 11? ಏನೂ ಬರೆಯದೆ ಖಾಲಿ ಬಿಟ್ಟಿದ್ದಳು! ಕೇಳಿದರೆ, "ತಪ್ಪಾದ್ರ ಮೈನಸ್ ಆಗ್ತದಲ್ಲ" ಅಂದಳು. ಅವಳು ಹಿಂದಿನ ವರ್ಷ ಗೇಟ್ ಪರೀಕ್ಷೆಗೆ ಓದಿದ್ದವಳು. ಅಲ್ಲಿ ಆಯ್ಕೆ ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟರೆ ಅಂಕ ಕಳೆಯುತ್ತಾರೆ, ನಿಜ. ಜಿ.ಆರ್.ಇ.ಯಲ್ಲಿ ಕಳೆಯುವುದಿಲ್ಲ. ಗೊತ್ತಿಲ್ಲದಿದ್ದರೂ ಏನಾದರೊಂದನ್ನು ಒತ್ತಿಯೇ ಮುಂದೆ ಹೋಗಬೇಕು. ಇಷ್ಟು ಸಣ್ಣ ವಿಷಯ ಹನ್ನೊಂದು ಟೆಸ್ಟ್ ಬರೆದರೂ ಅವಳ ಗಮನಕ್ಕೆ ಬಂದಿರಲಿಲ್ಲ, ಯಾಕೆಂದರೆ ಪ್ರತಿ ಸಲವೂ ಅವಳು ನೋಡಿದ್ದು ಕೊನೆಯ ಅಂಕವನ್ನು ಮಾತ್ರ.

ಪ್ರಶ್ನೆ ಓದದೆ ತಪ್ಪಿದ್ದರ ಒಂದು ಉದಾಹರಣೆ ಹೇಳುತ್ತೇನೆ. ಗಣಿತದಲ್ಲಿ ಎರಡು ಮೊತ್ತ ಕೊಟ್ಟು ಯಾವುದು ದೊಡ್ಡದು ಎಂದು ಕೇಳುವ ಬಗೆಯ ಪ್ರಶ್ನೆಗಳಿವೆ. ಎಕ್ಸ್ ಎಂಬುದು ಸೊನ್ನೆಗಿಂತ ದೊಡ್ಡದು ಎನ್ನುತ್ತಾರೆ. ಒಂದು ಕಡೆ ಎಕ್ಸ್, ಇನ್ನೊಂದು ಕಡೆ ಎಕ್ಸ್‌ನ ವರ್ಗ. ವರ್ಗವೇ ದೊಡ್ಡದು ಅನ್ನುತ್ತೀರಿ. ಎರಡರ ವರ್ಗ ನಾಲ್ಕು, ಮೂರರ ವರ್ಗ ಒಂಬತ್ತು. ಆದರೆ ಎಕ್ಸ್ ಅರ್ಧವಾದರೆ? ಅರ್ಧದ ವರ್ಗ ಕಾಲು, ಅದು ಚಿಕ್ಕದು. ಒಂದಾದರೆ ಎರಡೂ ಸಮ. ಹಾಗಾಗಿ ಉತ್ತರ ನಾಲ್ಕನೆಯದು, 'ಹೇಳಲಾಗದು'. ಪೂರ್ಣಾಂಕ ಎಂದು ಯಾರೂ ಹೇಳಿರಲಿಲ್ಲ, ಅದು ನಾವೇ ಸೇರಿಸಿಕೊಂಡದ್ದು. ಇಂಥದಕ್ಕೆ ಅವಳು ಮೊದಲು "ಅಜಾಗರೂಕತೆ" ಎಂದು ಬರೆದಿದ್ದಳು. ಅದನ್ನು ಹೊಡೆಸಿ ಹಾಕಿದೆ. ಅಜಾಗರೂಕತೆ ಎಂದು ಬರೆದರೆ ಕಲಿಯುವುದೇನು? "ಭಿನ್ನರಾಶಿ ಇಟ್ಟು ನೋಡಲಿಲ್ಲ" ಎಂದು ಬರೆದರೆ ನಾಳೆ ಮಾಡಲು ಒಂದು ಕೆಲಸ ಸಿಗುತ್ತದೆ.

ಇಂಗ್ಲಿಷ್ ಭಾಗದಲ್ಲಿ ನನಗೂ ಸ್ವಲ್ಪ ಬಾಯಿ ಹಾಕಲು ಅವಕಾಶ ಸಿಕ್ಕಿತು. ವಾಕ್ಯದಲ್ಲಿ ಖಾಲಿ ಜಾಗ ಬಿಟ್ಟು ಪದ ತುಂಬಿಸುವ ಪ್ರಶ್ನೆಗಳಲ್ಲಿ ಅವಳು ಪದದ ಅರ್ಥ ಗೊತ್ತಿದ್ದೂ ತಪ್ಪುತ್ತಿದ್ದಳು. ನಮ್ಮ ವಾಕ್ಯವೊಂದನ್ನು ನೋಡಿ: "ಮಾತಿನಲ್ಲಿ ಆತ ಬಲು ಜಿಪುಣನಾದರೂ ಪತ್ರ ಬರೆಯಲು ಕುಳಿತರೆ..." ಮುಂದಿನ ಪದ ಯಾವ ದಿಕ್ಕಿನದು ಎಂದು ನಿಮಗೆ ಆಗಲೇ ಗೊತ್ತಾಯಿತು. ಆ 'ಆದರೂ' ಖಾಲಿ ಜಾಗದ ಹತ್ತಿರವೇ ಕೂತಿದೆ. ಇಂಗ್ಲಿಷಿನಲ್ಲಿ 'ಆಲ್ದೋ' ವಾಕ್ಯದ ತಲೆಯಲ್ಲಿ ಬಂದು ಹೋಗಿರುತ್ತದೆ. ಮೂರು ಸಾಲು ದಾಟಿ ಖಾಲಿ ಜಾಗಕ್ಕೆ ಬರುವಷ್ಟರಲ್ಲಿ ನಮ್ಮ ಹುಡುಗಿ ಅದನ್ನು ಮರೆತೇಬಿಟ್ಟಿರುತ್ತಾಳೆ. ಹೀಗಾಗಿ ಒಂದು ರೂಢಿ ಮಾಡಿದೆವು. ಆಯ್ಕೆಗಳನ್ನು ನೋಡುವ ಮೊದಲು ವಾಕ್ಯದ ಸಾರವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಂಡು, ಖಾಲಿ ಜಾಗಕ್ಕೆ ತನ್ನದೇ ಒಂದು ಕನ್ನಡ ಪದ ಇಡುವುದು. ಆಮೇಲೆ ಅದಕ್ಕೆ ಹೊಂದುವ ಇಂಗ್ಲಿಷ್ ಪದ ಹುಡುಕುವುದು. ಎರಡು ಮೂರು ಖಾಲಿ ಜಾಗ ಇರುವ ಪ್ರಶ್ನೆಯಲ್ಲಿ ಎಲ್ಲವೂ ಸರಿಯಾದರೇ ಅಂಕ, ಅರ್ಧಕ್ಕೆ ಅರ್ಧ ಅಂಕವಿಲ್ಲ. ಆದ್ದರಿಂದ ಸುಲಭವಾದ ಖಾಲಿ ಜಾಗ ಮೊದಲು ತುಂಬಿ, ಅದರ ಬೆಳಕಿನಲ್ಲಿ ಉಳಿದದ್ದನ್ನು ನೋಡುವುದು ಲೇಸು.

ಹಳೆಯ ಪುಸ್ತಕಗಳ ಬಗ್ಗೆ ಒಂದು ಮಾತು. ಹಾಸ್ಟೆಲ್ಲಿನ ಕಪಾಟಿನಲ್ಲಿ ಸೀನಿಯರ್‌ಗಳು ಬಿಟ್ಟುಹೋದ ಬ್ಯಾರನ್ಸ್ ಪುಸ್ತಕದ ಮೂರೂವರೆ ಸಾವಿರ ಪದಗಳ ಪಟ್ಟಿಯ ಜೆರಾಕ್ಸ್ ಈಗಲೂ ಸಿಗುತ್ತದೆ. ವಿರುದ್ಧಪದ, ಪದಸಂಬಂಧದ ಪ್ರಶ್ನೆಗಳಿದ್ದ ಕಾಲದ್ದು ಅದು. 2011ರ ಆಗಸ್ಟಿನಲ್ಲಿ ಅವೆರಡನ್ನೂ ತೆಗೆದುಹಾಕಿದರು. ಅಂಕವೂ 200ರಿಂದ 800ರ ಲೆಕ್ಕ ಬಿಟ್ಟು 130ರಿಂದ 170ಕ್ಕೆ ಬಂತು. ಮತ್ತೆ 2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯನ್ನೇ ಅರ್ಧದಷ್ಟಕ್ಕೆ ಇಳಿಸಿದರು. ಮುಕ್ಕಾಲು ಗಂಟೆ ಕೂಡಿಸಿ ಮೂರು ಗಂಟೆ ಇದ್ದದ್ದು ಈಗ ಒಂದು ಗಂಟೆ 58 ನಿಮಿಷ, ನಡುವೆ ವಿರಾಮವಿಲ್ಲ. ಪ್ರಬಂಧ ಎರಡಿದ್ದದ್ದು ಒಂದೇ ಆಯಿತು, ಅದಕ್ಕೆ 30 ನಿಮಿಷ. ಗಣಿತದ ಮೊದಲ ಭಾಗದಲ್ಲಿ 12 ಪ್ರಶ್ನೆಗೆ 21 ನಿಮಿಷ, ಎರಡನೆಯದರಲ್ಲಿ 15ಕ್ಕೆ 26. ಇಂಗ್ಲಿಷಿನಲ್ಲಿ 12ಕ್ಕೆ 18, 15ಕ್ಕೆ 23. ಹಳೆಯ ಅಳತೆಯ ಟೆಸ್ಟ್ ಬರೆದು ಸಮಯ ಸಾಕಾಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಬೇರೆಯವರ ಚಪ್ಪಲಿ ಹಾಕಿ ಕಾಲಿನ ಅಳತೆ ನೋಡಿದಂತೆ.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ಮೊದಲ ಭಾಗ ಹೇಗೆ ಬರೆದಿರಿ ಎಂಬುದನ್ನು ನೋಡಿ ಎರಡನೆಯ ಭಾಗದ ಕಷ್ಟವನ್ನು ಕಂಪ್ಯೂಟರೇ ನಿರ್ಧರಿಸುತ್ತದೆ. ಎರಡನೆಯದು ಕಠಿಣವಾಗಿ ಕಂಡರೆ ಎದೆಗುಂದಬೇಡಿ, ಮೊದಲನೆಯದು ಚೆನ್ನಾಗಿ ಆಗಿರಬಹುದು. ಒಂದು ಭಾಗದ ಒಳಗೆ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿ ಮತ್ತೆ ಬರಬಹುದು. ನಮ್ಮ ಹುಡುಗಿ ಒಂದೇ ಲೆಕ್ಕಕ್ಕೆ ಐದು ನಿಮಿಷ ಅಂಟಿಕೊಂಡು ಕೂರುತ್ತಿದ್ದಳು. ಹಟಮಾರಿ, ನಮ್ಮ ಮನೆತನದ ಗುಣ. ಎರಡು ನಿಮಿಷ ದಾಟಿದರೆ ಏನಾದರೊಂದು ಉತ್ತರ ಒತ್ತಿ, ಗುರುತು ಹಾಕಿ ಏಳಬೇಕು ಎಂಬ ನಿಯಮ ಮಾಡಿದೆವು.

ಆ ಹನ್ನೊಂದು ಟೆಸ್ಟ್‌ಗಳ ಅಂಕದಲ್ಲೂ ಹುಳುಕಿತ್ತು. ಪರೀಕ್ಷೆ ನಡೆಸುವ ಇ.ಟಿ.ಎಸ್. ಸಂಸ್ಥೆ ಪವರ್‌ಪ್ರೆಪ್ ಹೆಸರಿನಲ್ಲಿ ಎರಡು ಪೂರ್ಣ ಟೆಸ್ಟ್ ಪುಕ್ಕಟೆ ಕೊಡುತ್ತದೆ. ನಿಜವಾದ ಪರೀಕ್ಷೆಗೆ ಅತಿ ಹತ್ತಿರದವು ಅವು. ಇವಳು ಎರಡನ್ನೂ ಮೊದಲ ವಾರದಲ್ಲೇ ಮುಗಿಸಿಬಿಟ್ಟಿದ್ದಳು. ಉಳಿದವು ಬೇರೆ ಬೇರೆ ಕಂಪನಿಗಳವು, ಒಂದರ ತಕ್ಕಡಿ ಇನ್ನೊಂದರಂತಿಲ್ಲ. ಅವುಗಳಲ್ಲಿ 296 ಬಂದ ದಿನ ಅತ್ತು, 304 ಬಂದ ದಿನ ಐಸ್‌ಕ್ರೀಂ ತಿಂದು ಕಾಲ ಕಳೆದಿದ್ದಾಳೆ. ಸಾಲದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಶುರುಮಾಡಿ, ನಡುವೆ ನಿಲ್ಲಿಸಿ ಮ್ಯಾಗಿ ಮಾಡಿಕೊಂಡು, ಬೆಳಗ್ಗೆ ಉಳಿದದ್ದು ಬರೆದದ್ದೂ ಉಂಟು. ಅಸಲಿ ಪರೀಕ್ಷೆ ಇದ್ದದ್ದು ಬೆಳಗಿನ ಹೊತ್ತು.

ಆ ಭಾನುವಾರದಿಂದ ಟೆಸ್ಟ್ ವಾರಕ್ಕೆ ಒಂದೇ. ಬೆಳಗ್ಗೆ, ಒಂದೇ ಕೂತ, ಫೋನು ಪಕ್ಕದ ಮಂಚದ ಗೆಳತಿಯ ಕೈಯಲ್ಲಿ. ಮರುದಿನ ತಪ್ಪಾದ ಪ್ರಶ್ನೆಗಳನ್ನು ಉತ್ತರ ನೋಡದೆ ಮತ್ತೆ ಬಿಡಿಸುವುದು. ಉತ್ತರ ಓದಿದರೆ ತಿಳಿಯುತ್ತದೆ ನಿಜ, ಆದರೆ ತಿಳಿದದ್ದು ಬರೆದವರ ಜಾಣತನವೇ ಹೊರತು ನಮ್ಮದಲ್ಲ. ಎರಡನೆಯ ಸಲ ಸಮಯದ ಒತ್ತಡವಿಲ್ಲದೆ ಸರಿಯಾದರೆ ರೋಗ ಅವಸರದ್ದು. ಆಗಲೂ ತಪ್ಪಿದರೆ ಪಾಠ ಓದಬೇಕು. ಎಲ್ಲವನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ "ನಾನು ಏನು ಅಂದುಕೊಂಡೆ" ಎಂಬುದರ ಜೊತೆಗೆ ಬರೆಯುವುದು. ಮೂರು ದಿನ ಬಿಟ್ಟು ಅದೇ ಪ್ರಶ್ನೆ ಇನ್ನೊಮ್ಮೆ. ಮೆಟ್ರೋದಲ್ಲಿ ಅಮೀರ್‌ಪೇಟೆಗೆ ಹೋಗಿಬರುವಾಗ ಆ ನೋಟ್‌ಬುಕ್ಕೇ ಓದು.

ತಾರೀಖು ಮುಂದೂಡಲಿಲ್ಲ. ಮುಂದೂಡಲು ಬೇರೆ ಫೀಸು ಕಟ್ಟಬೇಕು, ಡಿಸೆಂಬರಿನ ಅರ್ಜಿಗಳ ಗಡುವೂ ಹತ್ತಿರವಿತ್ತು. ಬೇಕೇಬೇಕಾದರೆ 21 ದಿನ ಬಿಟ್ಟು ಮತ್ತೆ ಬರೆಯಲು ಅವಕಾಶ ಇದ್ದೇ ಇದೆ. ಅಂದಹಾಗೆ, 2020ರ ನಂತರ ಎಷ್ಟೋ ವಿಶ್ವವಿದ್ಯಾಲಯಗಳ ಕೋರ್ಸುಗಳಿಗೆ ಈ ಅಂಕ ಕಡ್ಡಾಯವಲ್ಲ. ಬಳೆ ಅಡ ಇಡುವ ಮುಂಚೆ ನೀವು ಅರ್ಜಿ ಹಾಕುವ ಕೋರ್ಸಿನ ನಿಯಮವನ್ನು ದಯವಿಟ್ಟು ಓದಿ.

ಕೊನೆಯ ವಾರ ಹಣ ಕೊಟ್ಟು ಇನ್ನೊಂದು ಅಧಿಕೃತ ಟೆಸ್ಟ್ ತೆಗೆದುಕೊಂಡಳು. ಮೊದಲ ವಾರದ ಅಧಿಕೃತ ಟೆಸ್ಟಿನಲ್ಲಿ 299 ಇದ್ದದ್ದು 308 ಆಯಿತು. ಅಸಲಿ ಪರೀಕ್ಷೆಯಲ್ಲಿ 309. ಗಣಿತ 160, ಇಂಗ್ಲಿಷ್ 149. ಇಂಗ್ಲಿಷ್ ಏರಿದ್ದು ಮೂರೇ ಅಂಕ ಎಂಬುದನ್ನು ಮುಚ್ಚಿಡುವುದಿಲ್ಲ. ಐದು ವಾರದಲ್ಲಿ ಖಾಲಿ ಬಿಡುವ ಚಾಳಿ ಹೋಗುತ್ತದೆ, ಓದಿನ ಆಳ ಅಷ್ಟು ಬೇಗ ಬರುವುದಿಲ್ಲ. ಅದಕ್ಕೆ ಆರು ತಿಂಗಳು ಮೊದಲೇ ದಿನಕ್ಕೊಂದು ಒಳ್ಳೆಯ ಇಂಗ್ಲಿಷ್ ಲೇಖನ ಓದಬೇಕಿತ್ತು.

ಗಣಿತ, ಇಂಗ್ಲಿಷಿನ ಅಂಕ ಅಲ್ಲೇ ಪರದೆಯ ಮೇಲೆ ಕಾಣಿಸುತ್ತದೆ. ಕೇಂದ್ರದಿಂದ ಹೊರಗೆ ಬಂದವಳೇ ಬೀದರಿಗೂ ನನಗೂ ಒಟ್ಟಿಗೆ ಫೋನ್ ಹಚ್ಚಿದಳು. ಕಾಕಿ ಅಂಕ ಕೇಳಿಸಿಕೊಂಡು, ಅದು ಎಷ್ಟಕ್ಕೆ ಎಷ್ಟು ಎಂದು ಎರಡು ಸಲ ವಿಚಾರಿಸಿ, ಆಮೇಲೆ ಕೇಳಿದರು: "ಹಂಗಾದ್ರ ಬಳಿ ಯಾವಾಗ ಬಿಡಿಸೋಣು?"