ಡಾಂಡೆಲ್ಸ್‌ನ ತೈಲಚಿತ್ರ, ಜಾವಾದ ಚಿತ್ರಕಾರ



ಆಮ್ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಹರ್ಮನ್ ವಿಲೆಮ್ ಡಾಂಡೆಲ್ಸ್‌ನ ತೈಲಚಿತ್ರವಿದೆ. 1808ರಿಂದ 1811ರವರೆಗೆ ಜಾವಾವನ್ನು ಆಳಿದ ಡಚ್ ಗವರ್ನರ್ ಜನರಲ್ ಈತ. 1818ರಲ್ಲಿ ತೀರಿಕೊಂಡ. ಚಿತ್ರ ಬರೆದದ್ದು ಮಾತ್ರ 1838ರಲ್ಲಿ. ಬರೆದವನು ಜಾವಾದಲ್ಲೇ ಹುಟ್ಟಿದ ಕುಲೀನ ಮನೆತನದ ಯುವಕ, ರಾದೆನ್ ಸಾಲೆಹ್.

ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಇಂಥ ಡಚ್ ಗವರ್ನರುಗಳ ಚಿತ್ರಗಳನ್ನು ಸಾಲಾಗಿ ತೂಗುಹಾಕುವ ಪದ್ಧತಿ ಹದಿನೇಳನೆಯ ಶತಮಾನದಿಂದ ಬಂದದ್ದು. ಉಡುಪು ಕಾಲಕ್ಕೆ ತಕ್ಕಂತೆ ಬದಲಾಯಿತು, ಗತ್ತು ಬದಲಾಗಲಿಲ್ಲ. ಆ ಸಾಲಿನಲ್ಲಿ ಆಳಿದವರಿಗಷ್ಟೇ ಜಾಗ, ಆಳಿಸಿಕೊಂಡವರಿಗೆ ಇಲ್ಲ.

ಸೆಮರಾಂಗ್ ಬಳಿ ಹುಟ್ಟಿದ ಸಾಲೆಹ್ 1829ರಲ್ಲಿ ಹಾಲೆಂಡಿಗೆ ಹೋಗಿ, ಕಾರ್ನೆಲಿಸ್ ಕ್ರೂಸ್‌ಮನ್ ಬಳಿ ಭಾವಚಿತ್ರ ಕಲೆ ಕಲಿತ. ಆಗ ಅವನ ನಾಡಿನಲ್ಲಿ ರಾಜಕುಮಾರ ದಿಪೊನೆಗೊರೊ ಡಚ್ಚರ ವಿರುದ್ಧ ಯುದ್ಧ ಹೂಡಿದ್ದ.

ಚಿತ್ರದಲ್ಲಿ ಡಾಂಡೆಲ್ಸ್ ಸೇನಾಧಿಕಾರಿಯ ಪೂರ್ಣ ಸಮವಸ್ತ್ರದಲ್ಲಿದ್ದಾನೆ. ಅವನ ಬೆರಳು ನಕ್ಷೆಯೊಂದರ ಮೇಲೆ, ಮೆಗಾಮೆಂಡುಂಗ್ ಬೆಟ್ಟದ ದಾರಿಯನ್ನು ತೋರಿಸುತ್ತಿದೆ. ಹಿಂದೆ ಬೆಟ್ಟಸಾಲು, ಅಲ್ಲಿ ರಸ್ತೆಯ ಕೆಲಸ ನಡೆದಿದೆ. ಜಾವಾದ ಪಶ್ಚಿಮದ ಆನ್ಯರ್‌ನಿಂದ ಪೂರ್ವದ ಪನಾರುಕನ್‌ವರೆಗೆ, ಸುಮಾರು 1000 ಕಿಲೋಮೀಟರಿನ ಅಂಚೆ ಹೆದ್ದಾರಿ ಅದು. ಇಂಗ್ಲಿಷರು ದಂಡೆತ್ತಿ ಬಂದರೆ ಸೈನ್ಯವೂ ಸುದ್ದಿಯೂ ಬೇಗ ಸಾಗಲಿ ಎಂದು ಡಾಂಡೆಲ್ಸ್ ಅದನ್ನು ಅವಸರದಲ್ಲಿ ಕಡಿಸಿದ. ಊರ ಮುಖಂಡರು ಆಳುಗಳನ್ನು ಒದಗಿಸಲೇಬೇಕಿತ್ತು. ಬಿಟ್ಟಿ ದುಡಿಮೆಯಲ್ಲಿ ಸತ್ತವರು ಸಾವಿರಾರು. ಇಷ್ಟಾದರೂ 1811ರಲ್ಲಿ ಮದರಾಸಿನಿಂದ ಹೊರಟ ಇಂಗ್ಲಿಷ್ ದಂಡು ಜಾವಾವನ್ನು ಗೆದ್ದುಕೊಂಡಿತು.

ರಸ್ತೆ ಕೆಲಸದ ಈ ಹಿನ್ನೆಲೆಯನ್ನು ಚಿತ್ರಕಾರನ ಪ್ರತಿಭಟನೆ ಎಂದು ನಾನು ಹೇಳಲಾರೆ. ಡಚ್ಚರಿಗೆ ಆ ರಸ್ತೆ ಹೆಮ್ಮೆಯ ಸಂಗತಿಯೇ ಆಗಿತ್ತು. ಆದರೆ ಪರದೆ, ಕಂಬಗಳೇ ಸಾಕೆನಿಸುವ ಇಂಥ ಚಿತ್ರದೊಳಗೆ ಜಾವಾದ ಬೆಟ್ಟ, ಜಾವಾದ ಬೆವರು ಬಂದಿವೆ. ಅದನ್ನು ಬರೆದ ಕೈಯೂ ಜಾವಾದ್ದು. ನನಗೆ ಡಾಂಡೆಲ್ಸ್‌ನ ಮುಖಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ಸಾಲೆಹ್ ತಾಯ್ನಾಡಿಗೆ ಮರಳಿದ ಮೇಲೆ ಸರ್ಕಾರದ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಹೊಣೆಯೂ ಅವನ ಪಾಲಿಗೆ ಬಂತು. 1857ರಲ್ಲಿ ಅವನು ದಿಪೊನೆಗೊರೊನ ಬಂಧನವನ್ನು ಬರೆದ. ಅಲ್ಲಿ ಸೆರೆಯಾದ ರಾಜಕುಮಾರ ತಲೆಯೆತ್ತಿ ನಿಂತಿದ್ದಾನೆ, ಮುಖದಲ್ಲಿ ಸಿಟ್ಟು ತುಂಬಿದೆ. ಡಚ್ ಕಲಾವಿದ ನಿಕೊಲಾಸ್ ಪೀನೆಮನ್ ಇದೇ ಘಟನೆಯನ್ನು ಶರಣಾಗತಿಯೆಂಬಂತೆ ಬರೆದಿದ್ದ. ಸಾಲೆಹ್ ತನ್ನ ಚಿತ್ರವನ್ನು ಕಾಣಿಕೆಯಾಗಿ ಕೊಟ್ಟದ್ದು ಡಚ್ ದೊರೆ ಮೂರನೆಯ ವಿಲೆಮ್‌ಗೇ! 1978ರಲ್ಲಿ ನೆದರ್ಲೆಂಡ್ಸ್ ಅದನ್ನು ಇಂಡೋನೇಷ್ಯಾಕ್ಕೆ ಹಿಂದಿರುಗಿಸಿತು. ಡಾಂಡೆಲ್ಸ್‌ನ ಚಿತ್ರ ಆಮ್ಸ್ಟರ್‌ಡ್ಯಾಮಿನಲ್ಲೇ ಉಳಿದಿದೆ.