ಎದೆನೋವೆಲ್ಲ ಗ್ಯಾಸ್ ಅಲ್ಲ



ಉಳಿತಾಯ, ಸಾಲದ ಲೆಕ್ಕ ಮುಗೀತು. ಈಗ ನಮ್ಮ ಆರೋಗ್ಯದ ಮಾತು ಆಡೋಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಯಾವ ಕಡೆ ಸಂಘಕ್ಕೆ ಹೋದರೂ ಒಂದು ಮಾತು ಕೇಳ್ತೀವಿ: "ಎದಿ ಹಿಡದೈತ್ರಿ, ಗ್ಯಾಸ್ ಇರಬೇಕು." ಜೀರಿಗೆ ನೀರು ಕುಡಿದು ಕೂಲಿಗೆ ನಡೆದುಬಿಡ್ತೀವಿ. ಹೃದಯಾಘಾತ ಅಂದ್ರೆ ಬೀಡಿ ಸೇದುವ ಗಂಡಸರಿಗೆ, ಸಕ್ಕರೆ ಕಾಯಿಲೆಯ ಮುದುಕರಿಗೆ ಅಂತ ನಮ್ಮ ಎಣಿಕೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಆ ಎಣಿಕೆ ಅಲುಗಾಡಿತು. ಹೆಂಗಸರ ಮಟ್ಟಿಗೆ ಮಾತ್ರ ಇನ್ನೂ ಹಾಗೇ ಇದೆ.

ಬಿ.ಪಿ., ಸಕ್ಕರೆ ಏನೂ ಇಲ್ಲದ ಹೆಂಗಸಿಗೂ ಒಂದು ಬಗೆಯ ಹೃದಯಾಘಾತ ಆಗುತ್ತದೆ. ಡಾಕ್ಟರು 'ಸ್ಕ್ಯಾಡ್' ಅನ್ನುತ್ತಾರೆ. ಅಪರೂಪದ್ದು, ಆದರೆ ಬಂದವರಲ್ಲಿ ಬಹುಪಾಲು ಹೆಂಗಸರೇ. ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆ ಕೌದಿಯ ಹಾಗೆ ಪದರ ಪದರ. ಆ ಪದರ ತಾನಾಗಿಯೇ ಬಿಟ್ಟುಕೊಂಡು ನಡುವೆ ರಕ್ತ ತುಂಬಿದರೆ ಒಳಗಿನ ದಾರಿ ಮುಚ್ಚಿಕೊಳ್ಳುತ್ತದೆ. ದೊಡ್ಡ ದುಃಖದ ಬೆನ್ನಿಗೆ, ಮೈಮೀರಿ ಭಾರ ಎತ್ತಿದ ಮೇಲೆ ಬಂದದ್ದೂ ಉಂಟು.

ನಮಗೆ ಹೆಚ್ಚಿನ ಚಿಂತೆ ಬಾಣಂತಿಯರದು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲೂ ಇದು ಬರಬಹುದು. ಮನೆಯಲ್ಲಿ "ಬಾಣಂತಿಗೆ ವಾಯು ಆಗೈತಿ" ಅಂತ ಹೊಟ್ಟೆ ಕಟ್ಟಿ ಮಲಗಿಸ್ತಾರೆ. ಎದೆ ಒತ್ತಿದಂತಾಗಿ ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು, ವಾಕರಿಕೆ, ಏದುಸಿರು ಬಂದರೆ ಅದು ವಾಯು ಅಂತ ಕೂಡಬ್ಯಾಡ್ರಿ. 108ಕ್ಕೆ ಫೋನ್ ಮಾಡ್ರಿ.

ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ಏರ್ಪಾಡಿದೆ. ನಾಚಿಕೆ ಬಿಟ್ಟು "ನನಗೂ ಇ.ಸಿ.ಜಿ. ತೆಗೀರಿ" ಅಂತ ಕೇಳ್ರಿ. ಹೆರಿಗೆಯಾಗಿ ಎಷ್ಟು ದಿನ ಆಯ್ತು ಅನ್ನೋದನ್ನೂ ಹೇಳ್ರಿ. ಒಂದು ಸಲ ತೆಗೆದದ್ದು ಸರಿ ಇದೆ ಅಂದರೂ ನೋವು ನಿಲ್ಲದಿದ್ದರೆ ಮನೆಗೆ ಬರಬ್ಯಾಡ್ರಿ, ರಕ್ತ ಪರೀಕ್ಷೆಯೂ ಬೇಕಾಗುತ್ತದೆ.

ಸ್ಕ್ಯಾಡ್ ಅಂತ ಆಂಜಿಯೋಗ್ರಾಂನಲ್ಲಿ ಗೊತ್ತಾದಾಗ ಎಷ್ಟೋ ಸಲ ಡಾಕ್ಟರು ಸ್ಟೆಂಟ್ ಹಾಕುವುದಿಲ್ಲ. ಕೈಬಿಟ್ಟರು ಅಂತ ತಿಳಿಯಬೇಡಿ. ಆ ನಾಳ ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಮತ್ತೆ ಬರುವ ಸಂಭವವೂ ಇರುವುದರಿಂದ ಔಷಧಿ ತಪ್ಪಿಸಬಾರದು, ಇನ್ನೊಂದು ಬಸಿರಿಗೆ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಸಂಘದ ಪುಸ್ತಕದ ಮೊದಲ ಪುಟದಲ್ಲಿ, ರಾತ್ರಿ ಕರೆದರೂ ಬರುವ ಆಟೋದವರ ನಂಬರ್ ಬರೆದಿಡ್ರಿ. ಇಂಥ ಹೊತ್ತಿಗೆ ಸಭೆ ಕರೆಯದೇ ತುರ್ತು ಸಾಲ ಕೊಡೋಕೆ ಈ ವಾರವೇ ಠರಾವು ಮಾಡ್ರಿ.